ತಮಟೆ ಯಾರದು, ಸುದ್ದಿ ಯಾರದು?

೨೦೨೪ರಲ್ಲಿ, ಮಳೆ ಹಿಡಿಯುವ ಮುಂಚೆ, ನಮ್ಮಲ್ಲೊಬ್ಬನ ಊರ ಮನೆಯ ಹೆಂಚು ಇಳಿಸಿ ತಾರಸಿ ಹಾಕಿಸಬೇಕಾಯಿತು. ಅಟ್ಟದ ಸಾಮಾನನ್ನೆಲ್ಲ ಕೆಳಗಿಳಿಸುವಾಗ ಮೂಲೆಯಲ್ಲಿ ಒಂದು ಗೋಣಿಚೀಲ ಸಿಕ್ಕಿತು. ಬಾಯಿ ಬಿಚ್ಚಿದರೆ ನಮ್ಮದೇ ಪುಸ್ತಕ. ೧೯೮೫ರಲ್ಲಿ ನಾವು ಮೂವರು ಸೇರಿ ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿದ ಕವನ ಸಂಕಲನ. ೫೦೦ ಪ್ರತಿಯಲ್ಲಿ ೧೧೪ ಹಾಗೇ ಉಳಿದಿದ್ದವು. ಅರ್ಧದಷ್ಟನ್ನು ಗೆದ್ದಲು ತಿಂದಿತ್ತು. "ಗೆದ್ದಲಾದ್ರೂ ಓದುದ್ವಲ್ಲ ಬುಡಿ" ಎಂದು ಮನೆಯಾಕೆ ನಕ್ಕಳು. ನಾವೂ ನಕ್ಕೆವು. ಚೀಲದ ತಳದಲ್ಲಿ ರಟ್ಟು ಹರಿದ ನೂರು ಪುಟದ ಒಂದು ನೋಟ್ ಬುಕ್ಕು ಕೈಗೆ ಬಂದ ಮೇಲೆ ನಗು ನಿಂತುಹೋಯಿತು. ಅದು ನಮ್ಮದಲ್ಲ. ಒಬ್ಬ ಹುಡುಗಿ ೧೯೮೬ರಲ್ಲಿ "ಓದಿ ಯೋಳಿ ಸಾ" ಎಂದು ಕೊಟ್ಟದ್ದು.

ಆ ನೋಟ್ ಬುಕ್ಕಿನ ಲೆಕ್ಕ ಒಪ್ಪಿಸುವುದಕ್ಕೇ ಈ ಬರಹ. ಆದರೆ ಮೊದಲು ನಾವು ಯಾರು, ಹೇಗೆ ಬರೆಯುವುದಕ್ಕೆ ಬಂದೆವು ಎಂಬುದನ್ನು ಹೇಳಬೇಕು. ಇಲ್ಲದಿದ್ದರೆ ನಾವು ಮಾಡಿದ್ದು ಬರೀ ಮರೆವು ಅನ್ನಿಸಿಬಿಡುತ್ತದೆ. ಅದು ಮರೆವಲ್ಲ.

ನಾವು ಅಂದರೆ ಮೂವರು. ಇಬ್ಬರು ಕೇರಿಯಿಂದ ಬಂದವರು, ಒಬ್ಬ ಕುರಿ ಕಾಯುವವರ ಮನೆಯವನು. ೧೯೮೦ರಲ್ಲಿ ಮೈಸೂರಿನ ಹಾಸ್ಟೆಲೊಂದರ ಒಂದೇ ಕೋಣೆಯಲ್ಲಿ ಚಾಪೆ ಹಾಕಿದೆವು. ಮೂವರೂ ಮೇಷ್ಟ್ರುಗಳಾದೆವು, ನಿವೃತ್ತರಾದೆವು. ಕುರಿಯವರ ಮನೆಯವನು ಈಗಿಲ್ಲ. ಅವನನ್ನೂ ಸೇರಿಸಿಕೊಂಡೇ ನಾವು ಎನ್ನುತ್ತಿದ್ದೇವೆ. ಅವನು ಇದ್ದಿದ್ದರೆ ಈ ಬರಹದ ಕೆಲವು ಸಾಲುಗಳನ್ನು ಹೊಡೆದುಹಾಕುತ್ತಿದ್ದ. ಬಹುಶಃ ಇನ್ನೂ ಕೆಲವು ಕಹಿ ಸಾಲುಗಳನ್ನು ಸೇರಿಸುತ್ತಿದ್ದ.

ಹಾಸ್ಟೆಲಿನಲ್ಲಿ ನಾವೊಂದು ಸೈಕ್ಲೋಸ್ಟೈಲ್ ಪತ್ರಿಕೆ ಮಾಡುತ್ತಿದ್ದೆವು. ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಕಬ್ಬಿಣದ ಮೊನೆಯ ಪೆನ್ನಿನಲ್ಲಿ ಒತ್ತಿ ಬರೆಯಬೇಕು. ಒತ್ತು ಹೆಚ್ಚಾದರೆ ಹಾಳೆ ಹರಿದು 'ಠ' ಹೋಗಿ ಒಂದು ಕರಿ ತೂತು. ಕಾರ್ಮಿಕ ಸಂಘದ ಕಚೇರಿಯವರು ರಾತ್ರಿ ಎಂಟರ ಮೇಲೆ ಮಷೀನು ಬಿಟ್ಟುಕೊಡುತ್ತಿದ್ದರು. ಶಾಯಿ ಅವರದು, ಕಾಗದ ನಮ್ಮದು. ಪದ್ಯದ ಕೆಳಗೆ ಹೆಸರು ಹಾಕುತ್ತಿರಲಿಲ್ಲ. ಹೆಸರು ಹಾಕಿಕೊಳ್ಳುವುದು ನವ್ಯರ ಖಯಾಲಿ, ನಾವು ಜನರ ದನಿ ಎಂದು ವಾದ ಮಾಡುತ್ತಿದ್ದೆವು. ೧೯೭೫ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಿತ್ತು. ಅದರ ಹಾಡುಗಳು ಜಾಥಾಗಳಲ್ಲಿ, ಕೇರಿಗಳಲ್ಲಿ ಬಾಯಿಂದ ಬಾಯಿಗೆ ಹೋಗುತ್ತಿದ್ದವು. ಬರೆದವರು ಯಾರೆಂದು ಗೊತ್ತಿಲ್ಲದವರೂ ಗಂಟಲು ಹರಿಯುವಂತೆ ಹಾಡುತ್ತಿದ್ದರು. ನಮ್ಮ ಪದ್ಯಕ್ಕೂ ಅದೇ ಗತಿ ಬರಲಿ ಎಂಬುದು ನಮ್ಮ ಆಸೆ. ಅದು ನಿಜವಾದ ಆಸೆಯೇ. ಆದರೆ ಹೆಸರು ಹಾಕದಿರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಪದ್ಯ ಚೆನ್ನಾಗಿಲ್ಲ ಎಂದು ಯಾರಾದರೂ ನಕ್ಕರೆ ಆ ನಗು ಯಾರೊಬ್ಬರ ಮೇಲೂ ಬೀಳುತ್ತಿರಲಿಲ್ಲ.

ಒಂದು ಸಂಚಿಕೆಯನ್ನು ನಾವು ಓದಿ ಮೆಚ್ಚಿದ್ದ ಹಿರಿಯ ಕವಿಯೊಬ್ಬರಿಗೆ ಅಂಚೆಯಲ್ಲಿ ಕಳಿಸಿದೆವು. ಹದಿನೈದು ದಿನಕ್ಕೆ ಒಂದು ಕಾರ್ಡು ಬಂತು. ಎಂಟು ಸಾಲು. ಯಾವ ಪದ್ಯ ಹಿಡಿಸಿತು, ಯಾವುದು ಬರೀ ಘೋಷಣೆಯಾಯಿತು, ಯಾವ ಪದವನ್ನು ಯಾಕೆ ಬಿಡಬಾರದಾಗಿತ್ತು ಎಂದು ಬರೆದಿದ್ದರು. ಆಗ ಕಾರ್ಡಿಗೆ ೧೫ ಪೈಸೆ. ಆ ಕಾರ್ಡನ್ನು ಕೈಯಿಂದ ಕೈಗೆ ಕೊಟ್ಟು ಓದಿ, ಮಡಿಕೆ ಬಿದ್ದು, ಕೊನೆಗೆ ಎರಡು ತುಂಡಾಯಿತು. ಅನ್ನ ಅಂಟಿಸಿ ಕೂಡಿಸಿದೆವು. ನಾವು ಬರೆಯುವುದನ್ನು ಬಿಡದಿದ್ದುದಕ್ಕೆ ಆ ಎಂಟು ಸಾಲೇ ಕಾರಣವೆಂದರೆ ಹೆಚ್ಚಾಗುವುದಿಲ್ಲ. ಇದನ್ನು ಮರೆಯಬೇಡಿ. ಮುಂದೆ ಬರುತ್ತದೆ.

*

೧೯೮೫ಕ್ಕೆ ಕೈಗೆ ಸಂಬಳ ಬರುತ್ತಿತ್ತು. ಪುಸ್ತಕ ಮಾಡಬೇಕೆನ್ನಿಸಿತು. ಮೂವರ ಪದ್ಯಗಳನ್ನೂ ಸೇರಿಸಿ ನಾಲ್ಕು ಫಾರಂ, ೬೪ ಪುಟ. ಅದು ಮೊಳೆ ಜೋಡಿಸುವ ಕಾಲ. ನಾವು ಹಿಡಿದ ಪ್ರೆಸ್ಸು ಎಷ್ಟು ಸಣ್ಣದೆಂದರೆ ಒಂದು ಫಾರಂ ಅಚ್ಚಾಗಿ ಅದರ ಮೊಳೆ ಬಿಚ್ಚಿದ ಮೇಲೆಯೇ ಇನ್ನೊಂದು ಫಾರಮ್ಮಿಗೆ ಮೊಳೆ. ದುಡ್ಡು ಎಲ್ಲಿಂದ ಬಂತು? ಒಬ್ಬನ ಒಂದು ತಿಂಗಳ ಸಂಬಳ. ಒಬ್ಬನ ಮನೆಯ ಎರಡು ಟಗರು. ಇನ್ನೊಬ್ಬನ ಅಕ್ಕ ಕೂಲಿ ಮಾಡಿ ಕಟ್ಟಿದ್ದ ಚೀಟಿಯ ಹಣ. ಆ ಅಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ. "ಬುಕ್ಕು ಅಂದ್ರೆ ಒಳ್ಳೇದೇ ಅಲ್ವಾ, ತಕಳ್ರಪ್ಪ" ಎಂದು ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಆ ಹಣವನ್ನು ತಿರುಗಿ ಕೊಟ್ಟೆವಾ ಎಂದು ಈಗ ಕೂತು ಯೋಚಿಸಿದರೆ ನೆನಪಾಗುತ್ತಿಲ್ಲ. ನೆನಪಾಗುತ್ತಿಲ್ಲ ಅಂದರೆ ಕೊಟ್ಟಿಲ್ಲ ಅಂತಲೇ.

ಉಳಿದ ಪ್ರತಿಗಳಲ್ಲಿ ಒಂದನ್ನು ದೂಳು ಕೊಡವಿ ತೆರೆದೆವು. ನಮಗೆ ಮುನ್ನುಡಿ ಬರೆದುಕೊಟ್ಟ ಪ್ರೊಫೆಸರರಿಗೆ ಅರ್ಧ ಪುಟದ ಕೃತಜ್ಞತೆ ಇದೆ. ಅಕ್ಕನ ಹೆಸರು ಇಲ್ಲ. ಮೊಳೆ ಜೋಡಿಸಿದವನ ಹೆಸರು ಇಲ್ಲ. ರಾತ್ರಿ ಮಷೀನು ಕೊಟ್ಟ ಕಾರ್ಮಿಕ ಸಂಘದವರ ಹೆಸರೂ ಇಲ್ಲ. ಶೋಷಿತರ ದನಿ ಎಂದು ಬೆನ್ನುಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಿಕೊಂಡಿದ್ದೇವೆ.

ಇನ್ನೂ ಒಂದು ನಾಚಿಕೆಯ ಮಾತು. ಮುಖಪುಟದಲ್ಲಿ ಯಾರ ಹೆಸರು ಮೊದಲು ಬರಬೇಕು ಎಂದು ನಮ್ಮಲ್ಲಿ ಜಗಳವಾಯಿತು. ಹೆಸರೇ ಬೇಡವೆಂದು ವಾದ ಮಾಡಿದ್ದವರು ನಾವೇ. ಒಬ್ಬ ವಯಸ್ಸಿನ ಪ್ರಕಾರ ಎಂದ. ಒಬ್ಬ ಅಕಾರಾದಿ ಎಂದ. ಅವನ ಹೆಸರೇ ಮೊದಲು ಬರುತ್ತಿತ್ತು. ಇನ್ನೊಬ್ಬ ಯಾರ ಪದ್ಯ ಹೆಚ್ಚಿವೆಯೋ ಅವನದು ಎಂದ. ಹನ್ನೊಂದು ದಿನ ಮಾತು ಬಿಟ್ಟೆವು. ಮೊಳೆ ಜೋಡಿಸುವವನು ಬೇಸತ್ತು ಹೇಳಿದ: "ನಾನು ಹದಿನೈದು ವರ್ಷದಿಂದ ಜೋಡುಸ್ತಾ ಇವ್ನಿ ಸಾ. ಒಂದ್ ಪುಸ್ತಕದಲ್ಲೂ ನನ್ನೆಸ್ರಿಲ್ಲ. ಅದೇನ್ ಬೇಗ ಯೋಳಿ, ನಂಗೆ ಬ್ಯಾರೆ ಲಗ್ನಪತ್ರಿಕೆ ಅವೆ." ಕೊನೆಗೆ ಅವನೇ ಮೂರು ಹೆಸರನ್ನೂ ಒಂದೇ ಸಾಲಿನಲ್ಲಿ ಹಿಡಿಯುವ ಹಾಗೆ ಸಣ್ಣ ಮೊಳೆಯಲ್ಲಿ ಜೋಡಿಸಿದ.

ಪುಸ್ತಕ ಬಂತು. ಬೆಲೆ ೫ ರೂಪಾಯಿ. ಪತ್ರಿಕೆಗಳಿಗೆ ೨೨ ಪ್ರತಿ ಕಳಿಸಿದೆವು. ಒಂದೇ ಒಂದು ಪತ್ರಿಕೆಯ 'ಸಾದರ ಸ್ವೀಕಾರ'ದಲ್ಲಿ ಹೆಸರು ಬಂತು. ಅದೂ ತಪ್ಪಾಗಿ. ಆರು ತಿಂಗಳು ಕಾದು ನಾವೊಂದು ಕೆಲಸ ಮಾಡಿದೆವು. ಇಲ್ಲದ ಒಂದು ಹೆಸರು ಹುಟ್ಟಿಸಿ, ನಮ್ಮ ಪುಸ್ತಕಕ್ಕೆ ನಾವೇ ವಿಮರ್ಶೆ ಬರೆದು ಒಂದು ವಾರಪತ್ರಿಕೆಗೆ ಕಳಿಸಿದೆವು. ನಿಷ್ಪಕ್ಷಪಾತ ಅನ್ನಿಸಲಿ ಎಂದು ಎರಡು ಸಣ್ಣ ದೋಷಗಳನ್ನೂ ತೋರಿಸಿದ್ದೆವು. ಅಚ್ಚಾಯಿತು. ಅದನ್ನು ಕತ್ತರಿಸಿಟ್ಟುಕೊಂಡು, ಬಂದವರಿಗೆಲ್ಲ ತೋರಿಸಿ, "ಯಾರೋ ಮಹಾನುಭಾವರು ಬರೆದಿದ್ದಾರೆ" ಎಂದೆವು. ತೋರಿಸಿ ತೋರಿಸಿ ಕೆಲವು ದಿನ ನಾವೇ ಅದನ್ನು ನಂಬಿಬಿಟ್ಟೆವು.

*

ಇಷ್ಟು ಹೇಳಿದ ಮೇಲೆ, ಬರೆದವನು ತನ್ನ ಪುಸ್ತಕದ ಬಗ್ಗೆ ತಾನೇ ಮಾತಾಡುವುದೇ ತಪ್ಪು ಎಂದು ನಾವು ಹೇಳುತ್ತೇವೆ ಅಂತ ನೀವು ತಿಳಿಯಬಹುದು. ಹಾಗಲ್ಲ. ಈ ಮಾತನ್ನು ಗಟ್ಟಿಯಾಗಿಯೇ ಹೇಳಬೇಕಾಗಿದೆ.

ಕನ್ನಡದಲ್ಲಿ ಒಂದು ಬೈಗುಳವಿದೆ: ತನ್ನ ತಮಟೆ ತಾನೇ ಬಾರಿಸಿಕೊಳ್ಳುತ್ತಾನೆ ಎಂದು. ನಮ್ಮಲ್ಲೊಬ್ಬನ ಅಪ್ಪ ಊರಿಗೆ ತಮಟೆ ಬಡಿಯುತ್ತಿದ್ದವನು. ಕಂದಾಯ ಕಟ್ಟಿ, ಕೆರೆ ತೂಬು ಎತ್ತುತ್ತಾರೆ, ನಾಳೆ ಹಬ್ಬ, ಇಂಥವರ ಮನೆಯಲ್ಲಿ ಸಾವಾಗಿದೆ ಎಂದು ಬೀದಿ ಬೀದಿಯಲ್ಲಿ ಸಾರುತ್ತಿದ್ದ. ಗೌಡರ ಮದುವೆಗೆ ಅವನ ತಮಟೆ, ದೇವರ ಮೆರವಣಿಗೆಗೆ ಅವನ ತಮಟೆ, ಹೆಣದ ಮುಂದೆ ಅವನ ತಮಟೆ. ಅವನ ಮಗ ಎಸ್ಸೆಸ್ಸೆಲ್ಸಿ ಪಾಸಾದಾಗ ಯಾವ ಬೀದಿಯಲ್ಲೂ ಯಾರೂ ಸಾರಲಿಲ್ಲ. ಅವನೂ ಸಾರಲಿಲ್ಲ. ಸಾರಬಹುದು ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಊರ ಸುದ್ದಿಯನ್ನೆಲ್ಲ ತಲೆಮಾರುಗಟ್ಟಲೆ ಸಾರಿದವರ ಮಕ್ಕಳು ಒಂದು ಸಲ ತಮ್ಮ ಸುದ್ದಿ ಸಾರಿಕೊಂಡರೆ ಅದಕ್ಕೆ ಬೈಗುಳವಾಗಿ ನಮ್ಮ ತಮಟೆಯನ್ನೇ ಬಳಸುತ್ತಾರಲ್ಲ, ಇದು ಯಾವ ನ್ಯಾಯ?

೧೯೨೦ರ ಜನವರಿ ೩೧ರಂದು ಅಂಬೇಡ್ಕರ್ 'ಮೂಕನಾಯಕ' ಪತ್ರಿಕೆ ಹೊರತಂದರು. ಕೊಲ್ಹಾಪುರದ ಶಾಹು ಮಹಾರಾಜರು ೨,೫೦೦ ರೂಪಾಯಿ ಕೊಟ್ಟು ಬೆಂಬಲಕ್ಕೆ ನಿಂತರು. ಹೀಗೊಂದು ಪತ್ರಿಕೆ ಬರುತ್ತಿದೆ ಎಂಬ ಜಾಹೀರಾತನ್ನು, ದುಡ್ಡು ಕೊಡುತ್ತೇವೆಂದರೂ, ತಿಲಕರು ಕಟ್ಟಿದ್ದ 'ಕೇಸರಿ' ಹಾಕಿಕೊಳ್ಳಲಿಲ್ಲ. ಬಿಟ್ಟಿ ಪ್ರಚಾರ ಕೇಳಿರಲಿಲ್ಲ ಗೆಳೆಯರೇ, ಕಾಸು ಕೊಟ್ಟು ಕೇಳಿದ್ದು. ಮೂಕರಿಗೊಬ್ಬ ನಾಯಕ ಬಂದಿದ್ದಾನೆ ಎಂದು ಹೇಳುವುದಕ್ಕೇ ಜಾಗವಿರಲಿಲ್ಲ.

ನಮ್ಮಲ್ಲಿ ಏನಾಯಿತು? ೧೯೭೩ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಮಂತ್ರಿ ಪದವಿ ಹೋಯಿತು. ಹಾಸ್ಟೆಲಿನ ದಲಿತ ಹುಡುಗರು ಏಟು ತಿಂದರು. ೧೯೭೯ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಇಡಿ ಎಂದು ಕೇಳಿದ್ದಕ್ಕೆ ಪರಿಷತ್ತು ಒಪ್ಪಲಿಲ್ಲ. ಆ ವರ್ಷದ ಮಾರ್ಚಿಯಲ್ಲೇ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಕೇಳಿದ್ದು ಒಂದು ಗೋಷ್ಠಿ, ಒಂದು ಚಪ್ಪರದ ಕೆಳಗೆ ಒಂದಿಷ್ಟು ಹೊತ್ತು. ಅದನ್ನೂ ಕೆಲವರು ಪ್ರಚಾರದ ಹುಚ್ಚು ಎಂದರು.

ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಅದನ್ನು ಕನ್ನಡದ ಸೇವೆ ಎಂದು ಕೊಂಡಾಡುತ್ತೇವೆ. ಕೊಂಡಾಡಬೇಕಾದದ್ದೇ, ಓದುಗರನ್ನು ಹಾಗೆ ಹುಡುಕಿಕೊಂಡು ಹೋದವರು ಎಷ್ಟು ಜನ? ಅದೇ ಕೆಲಸವನ್ನು ಕೇರಿಯ ಹುಡುಗನೊಬ್ಬ ಜಾತ್ರೆಯಲ್ಲಿ ಚಾಪೆ ಹಾಸಿ ಮಾಡಿದರೆ ಅವನು ಪ್ರಚಾರಪ್ರಿಯ. ಇನ್ನು ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯೆಲ್ಲ ಕೂತು ಹಾಡುವ ನೀಲಗಾರರನ್ನು ನೋಡಿ. ಅಂಥ ಹಾಡುಗಳು ಪುಸ್ತಕವಾದಾಗ ಬಹಳ ಕಡೆ ಮುಖಪುಟದ ಮೇಲೆ ಬರೆದುಕೊಂಡವರ ಹೆಸರು, ಒಳಗೆಲ್ಲೋ ಸಣ್ಣಕ್ಷರದಲ್ಲಿ ಹಾಡಿದವರ ಹೆಸರು. ಹೆಸರಿನ ಆಸೆ ಕೀಳೆಂದು ನಮಗೆ ಪಾಠ ಹೇಳುವವರು ಮೊದಲು ಹೆಸರು ಯಾರ ಪಾಲಿಗೆ ಬಂತು, ಯಾರ ಪಾಲಿಗೆ ಬರಲಿಲ್ಲ ಎಂದು ಲೆಕ್ಕ ಹಾಕಲಿ.

ಹಾಗಾಗಿ ನಮ್ಮ ಹುಡುಗರು ಫೇಸ್‌ಬುಕ್ಕಿನಲ್ಲಿ ಪುಸ್ತಕದ ಮುಖಪುಟ ಹಾಕಿಕೊಂಡರೆ, ವಾಟ್ಸಪ್ಪಿನಲ್ಲಿ ಬಿಡುಗಡೆಯ ಕರೆಯೋಲೆ ಕಳಿಸಿದರೆ ನಾವು ಮೂಗು ಮುರಿಯುವುದಿಲ್ಲ. ಪ್ರಕಾಶಕರಿಲ್ಲ, ಹಂಚುವವರಿಲ್ಲ, ವಿಮರ್ಶೆ ಬರೆಯುವ ನೆಂಟರಿಲ್ಲ. ಮುನ್ನೂರು ಪ್ರತಿ ಹಾಕಿಸಿ, ಸಾಲ ಮಾಡಿ, ಬಸ್ಸಿನಲ್ಲಿ ಹೊತ್ತು ತಿರುಗುವವನು ತನ್ನ ಪುಸ್ತಕ ಬಂದಿದೆ ಎಂದು ಹೇಳದೆ ಇನ್ನೇನು ಮಾಡಬೇಕು? ಸ್ವಂತ ಹೆಸರಲ್ಲಿ, ಎದೆ ತಟ್ಟಿ ಹೇಳಲಿ. ಕಳ್ಳ ಹೆಸರಲ್ಲಿ ವಿಮರ್ಶೆ ಬರೆದುಕೊಂಡವರು ನಾವು. ಅವರಿಗೆ ಬುದ್ಧಿ ಹೇಳುವ ಯೋಗ್ಯತೆ ನಮಗಿಲ್ಲ.

ನಮ್ಮ ತಕರಾರು ಬೇರೆ. ತಮಟೆ ಬಡಿಯುವ ಅಪ್ಪನ ವಿಚಾರ ಹೇಳಿದೆವಲ್ಲ. ತಂಪಿಗೆ ಚರ್ಮ ಸಡಿಲಾಗುತ್ತದೆ, ದನಿ ಹೊರಡುವುದಿಲ್ಲ. ಹುಲ್ಲಿಗೆ ಬೆಂಕಿ ಹಾಕಿ ಕಾಯಿಸಬೇಕು. ಅವನು ತನ್ನದನ್ನು ಕಾಯಿಸಿಕೊಳ್ಳುವಾಗ ಜೊತೆಯವರದನ್ನೂ ಬೆಂಕಿಗೆ ಹಿಡಿದು, ಬೆರಳಲ್ಲಿ ತಟ್ಟಿ ನೋಡಿ, ಕೈಗೆ ಕೊಡುತ್ತಿದ್ದ. ಯಾಕೆಂದು ಕೇಳಿದರೆ, "ಅವುಂದು ಸತ್ತಂಗಿದ್ರೆ ನಂದೊಂದೇ ಎಷ್ಟು ಕೂಗ್ತದ್ಲಾ?" ಎನ್ನುತ್ತಿದ್ದ. ಇದನ್ನು ಅವನು ದೊಡ್ಡ ಗುಣ ಎಂದುಕೊಂಡಿರಲಿಲ್ಲ. ಕಸುಬಿನ ಕಟ್ಟು ಅದು. ನಾವು ಅಕ್ಷರ ಕಲಿತೆವು, ಆ ಕಟ್ಟು ಮುರಿದೆವು.

*

ಈಗ ನೋಟ್ ಬುಕ್ಕಿನ ವಿಚಾರ.

೧೯೮೬ರಲ್ಲಿ ಒಂದು ಹಳ್ಳಿಯ ಹೈಸ್ಕೂಲಿನವರು ಕವಿಗಳೆಂದು ನಮ್ಮನ್ನು ಕರೆದಿದ್ದರು. ಗೋಣಿಚೀಲದಲ್ಲಿ ಪುಸ್ತಕ ಹೊತ್ತು ಹೋಗಿದ್ದೆವು. ಭಾಷಣ ಮಾಡಿದೆವು. ದಲಿತರು ಬರೆಯಬೇಕು, ಹೆಣ್ಣುಮಕ್ಕಳು ಬರೆಯಬೇಕು, ಮೌನ ಮುರಿಯಬೇಕು ಎಂದೆವು. ಒಂಬತ್ತು ಪುಸ್ತಕ ಮಾರಾಟವಾದವು. ಹೊರಡುವ ಹೊತ್ತಿಗೆ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬಸ್ ಸ್ಟ್ಯಾಂಡಿನವರೆಗೂ ಓಡಿಬಂದು ನೋಟ್ ಬುಕ್ಕನ್ನು ಕೈಗಿಟ್ಟಳು. "ಓದಿ ಯೋಳಿ ಸಾ" ಎಂದಳು. ಒಳರಟ್ಟಿನ ಮೇಲೆ ವಿಳಾಸ ಬರೆದಿದ್ದಳು.

ಸಿಕ್ಕಿದ ದಿನ ಮನೆಯಾಕೆ ಕೇಳಿದ್ದಕ್ಕೆ, "ಯಾರೋ ಕೊಟ್ಟಿದ್ರು, ಓದೋಕ್ಕಾಗ್ದೆ ಹಂಗೇ ಉಳ್ಕಂಡೈತೆ" ಎಂದೆವು. ಅದು ಸುಳ್ಳು. ಓದಿದ್ದೆವು. ಆ ರಾತ್ರಿ ಬಸ್ಸಿನ ಮಬ್ಬು ದೀಪದಲ್ಲಿ ನಾಲ್ಕು ಹಾಳೆ ಓದಿದ್ದೆವು. ಮೊದಲನೆಯದು ಅವಳ ಅವ್ವನ ಮೇಲಿನ ಪದ್ಯ. ಅವ್ವ ಸೂಲಗಿತ್ತಿ. ಮೇಲಿನ ಬೀದಿಯ ಮನೆಯ ಒಳಕೋಣೆಯಲ್ಲಿ ಕೂಸನ್ನು ಕೈಯಲ್ಲಿ ಹಿಡಿದು ಹೊರತೆಗೆದವಳು, ಕೆಲಸ ಮುಗಿದ ಮೇಲೆ ಅದೇ ಮನೆಯ ಜಗಲಿಯ ಕೆಳಗೆ ಕೂತು ಎಲೆ ಅಡಿಕೆ ಈಸಿಕೊಳ್ಳುತ್ತಾಳೆ. ಮೇಲಿನಿಂದ ಹಾಕುತ್ತಾರೆ, ಕೈ ತಾಗದಂತೆ. ಇಷ್ಟೇ ಪದ್ಯ. ಎಲ್ಲೂ ಶೋಷಣೆ ಎಂಬ ಪದವಿಲ್ಲ, ಕ್ರಾಂತಿ ಎಂಬ ಪದವಿಲ್ಲ. ಮನೆಯಲ್ಲಿ ಮಾತಾಡುವ ಹಾಗೇ ಬರೆದಿದ್ದಳು. ಹಿಟ್ಟಿಗೆ ಇಟ್ಟು, ಹಾಲಿಗೆ ಆಲು.

ನಮಗೆ ಯಾಕೆ ಚುಚ್ಚಿತು ಗೊತ್ತೆ? ನಮ್ಮ ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ನಾವು ಮೂವರೂ ಕೂತು ಅದೇ ಪದಗಳನ್ನು ತಿದ್ದಿದ್ದೆವು. ಇಟ್ಟು ತೆಗೆದು ಹಿಟ್ಟು, ಅವ್ವ ತೆಗೆದು ತಾಯಿ, ಕೇರಿ ತೆಗೆದು ಕಾಲೋನಿ. ದೇವನೂರ ಮಹಾದೇವರ 'ದ್ಯಾವನೂರು' ನಮ್ಮ ಸೀಮೆಯ ಮಾತಿನಲ್ಲೇ ೧೯೭೩ರಲ್ಲಿ ಬಂದಿತ್ತು. ಅದನ್ನು ಓದಿ ಕುಣಿದಿದ್ದೆವು ಕೂಡ. ಆದರೂ ನಮ್ಮ ಸರದಿ ಬಂದಾಗ ಕೈ ನಡುಗಿತು. ಶಾಲೆಯಲ್ಲಿ ಹಕಾರ ಬರಲ್ಲವೇನೋ ಎಂದು ಮೇಷ್ಟ್ರು ಎಲ್ಲರ ಮುಂದೆ ನಗಿಸಿದ್ದು ಹೊಟ್ಟೆಯಲ್ಲಿ ಹಾಗೇ ಕೂತಿತ್ತು. ನಮ್ಮ ಮಾತು ಕನ್ನಡವೇ, ನಾವು ಬರೆದದ್ದು ಕಾವ್ಯವೇ ಎಂಬ ಅಳುಕು. ಆ ಅಳುಕಿಗೆ ಹೆದರಿ ನಾವು ನಮ್ಮ ಪದ್ಯಗಳ ಜೀವ ತೆಗೆದಿದ್ದೆವು. ಹದಿನಾರು ವರ್ಷದ ಹುಡುಗಿ ಯಾರನ್ನೂ ಕೇಳದೆ ಅದನ್ನು ಹಾಗೇ ಉಳಿಸಿಕೊಂಡಿದ್ದಳು.

ನಾಲ್ಕು ಹಾಳೆಯಾದ ಮೇಲೆ ನಮ್ಮಲ್ಲೊಬ್ಬ ನೋಟ್ ಬುಕ್ಕು ಮುಚ್ಚಿದ. "ಎಳಸು, ಇನ್ನೂ ಪಳಗಬೇಕು" ಎಂದ. ಉಳಿದಿಬ್ಬರು ತಲೆಯಾಡಿಸಿದೆವು. ಮೂವರಿಗೂ ಸುಳ್ಳೆಂದು ಗೊತ್ತಿತ್ತು. ಅದನ್ನು ಚೀಲದೊಳಕ್ಕೆ, ನಮ್ಮ ಪುಸ್ತಕಗಳ ಅಡಿಗೆ ಹಾಕಿದೆವು. ೧೫ ಪೈಸೆಯ ಒಂದು ಕಾರ್ಡು. ಎಂಟು ಸಾಲು ಬೇಡ, ಎರಡೇ ಸಾಲು. ಅದರ ಬೆಲೆ ಏನೆಂದು ನಮಗಿ೦ತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಬರೆಯಲಿಲ್ಲ. ಅದೇ ತಿಂಗಳು ಕಳ್ಳ ಹೆಸರಿನ ವಿಮರ್ಶೆಗೆ ಎರಡೂವರೆ ಹಾಳೆ ಬರೆದೆವು.

ಅಳುಕಿರುವವನು ವಿನಯವಂತ, ಅವನಿಂದ ಯಾರಿಗೂ ಕೇಡಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ನಮ್ಮ ಅನುಭವ ಹಾಗಿಲ್ಲ. ಅಳುಕು ಒಳಗಿಟ್ಟುಕೊಂಡವನು ಹೊರಗೆ ಜೋರಾಗಿ ಬಡಿದುಕೊಳ್ಳುತ್ತಾನೆ. ಪಕ್ಕದವನ ತಮಟೆ ಕಾದರೆ ತನ್ನದರ ದನಿ ಕೇಳಿಸದೇನೋ ಎಂದು ಹೆದರುತ್ತಾನೆ. ನೂರು ಜನರಿಗೆ ಜಾಗವಿಲ್ಲದ ಕಡೆ ಒಬ್ಬನಿಗೆ ಮಾತ್ರ ಕುರ್ಚಿ ಹಾಕಿ, ಆ ಒಂದು ಕುರ್ಚಿಗೆ ನಾವು ನಾವೇ ಕಿತ್ತಾಡುವಂತೆ ಮಾಡಿದ್ದು ಈ ವ್ಯವಸ್ಥೆ, ನಿಜ. ಆದರೆ ಆ ರಾತ್ರಿ ಬಸ್ಸಿನಲ್ಲಿ ವ್ಯವಸ್ಥೆ ಇರಲಿಲ್ಲ. ನಾವು ಮೂವರೇ ಇದ್ದೆವು.

*

ವಿಳಾಸ ಹಿಡಿದು ಹೋದೆವು. ಆ ಊರಲ್ಲಿ ಅವಳಿರಲಿಲ್ಲ, ಕೊಟ್ಟ ಊರು ಹೇಳಿದರು. ಅಲ್ಲಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದಾಳೆ. ನಾವು ಹೋದಾಗ ಮಕ್ಕಳಿಗೆ ಊಟ ಬಡಿಸುತ್ತಿದ್ದಳು. ಗುರುತು ಸಿಗಲಿಲ್ಲ. ನೋಟ್ ಬುಕ್ಕು ತೋರಿಸಿದ ಮೇಲೆ ಕೈ ಒರೆಸಿಕೊಂಡು ಈಸಿಕೊಂಡಳು.

"ಇದ ಓದ್ಲೇ ಇಲ್ವಾ ಸಾ ನೀವು?"

"ಓದುದೊ ಕಣವ್ವಾ. ನಾಕು ಹಾಳೆ."

"ಮತ್ತೆ ಯಾಕೆ ಏನೂ ಯೋಳ್ಲಿಲ್ಲ?"

ಉತ್ತರ ನಮ್ಮ ಹತ್ತಿರ ಇತ್ತು, ಬಾಯಿಗೆ ಬರಲಿಲ್ಲ. ಅವಳೇ ಹೇಳಿದಳು: "ನೀವು ಏನೂ ಅನ್ನಿಲ್ವಲ್ಲ, ಚೆನ್ನಾಗಿಲ್ಲ ಅಂತವ ತಿಳ್ಕಂಡೆ. ಸುಮ್ನಾಗ್ಬುಟ್ಟೆ."

ಕೋಪವಿರಲಿಲ್ಲ. ಮಳೆ ಬರಲಿಲ್ಲ, ಬಿತ್ತಲಿಲ್ಲ ಎಂದ ಹಾಗೆ ಹೇಳಿದಳು. ಆಗ ನಮ್ಮಲ್ಲೊಬ್ಬ ಇದ್ದದ್ದನ್ನು ಇದ್ದ ಹಾಗೇ ಹೇಳಿದ. "ಚೆನ್ನಾಗಿತ್ತು ಕಣವ್ವಾ. ನಮ್ದುಕ್ಕಿಂತ ಚೆನ್ನಾಗಿತ್ತು. ಅದ್ಕೇ ಯೋಳ್ಲಿಲ್ಲ." ಅವಳು ನಮ್ಮನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ ಎರಡು ಲೋಟ ಟೀ ತಂದಳು.

ಇವನ್ನು ನಮ್ಮ ಪತ್ರಿಕೆಯಲ್ಲಿ ಹಾಕುತ್ತೇವೆ, ನಿನ್ನ ಹೆಸರಲ್ಲೇ ಹಾಕುತ್ತೇವೆ ಎಂದೆವು. ಕೈಮುಗಿದು ಒಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದೆವೋ ಏನೋ. "ಮೊದ್ಲು ನಾನು ಓದ್ತೀನಿ ಸಾ" ಎಂದಳು. "ಯಾವ್ ಕಾಲದಲ್ಲಿ ಬರ್ದಿದ್ದೊ. ನಂಗೇ ಸರಿ ಅನ್ನುಸುದ್ರೆ ಯೋಳ್ತೀನಿ." ಹಾಳೆ ತಿರುವಿ ಕೊನೆಯಲ್ಲಿ ಖಾಲಿ ಉಳಿದಿದ್ದನ್ನು ಎಣಿಸಿದಳು. "ಈಟೊಂದು ಹಾಳೆ ಉಳ್ದವೆ. ಮೊಮ್ಮಗಳ ಲೆಕ್ಕಕ್ಕೆ ಆಯ್ತವೆ" ಎಂದು ನಕ್ಕಳು. ಆ ನಗು ನಮಗೆ ಅರ್ಥವಾಗಲಿಲ್ಲ. ಈಗಲೂ ಆಗಿಲ್ಲ.

*

೨೦೨೫ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ ನಾವು ಬೀದಿಯಲ್ಲಿ ಸಿಹಿ ಹಂಚಿದೆವು. ಬಂಡಾಯದ ಒಡಲಿಂದ ಬಂದ ಹೆಣ್ಣುಮಗಳು. ಕನ್ನಡಕ್ಕೆ ಆ ಪ್ರಶಸ್ತಿ ಅದೇ ಮೊದಲು. ಬಹುಮಾನ ಬಂದ ಸಂಕಲನದ ಹನ್ನೆರಡು ಕತೆಗಳು ೧೯೯೦ರಿಂದ ೨೦೨೩ರವರೆಗೆ ಬರೆದವು. ಮೂವತ್ತಮೂರು ವರ್ಷದ ಕೆಲಸ. ಬಹುಮಾನದ ೫೦,೦೦೦ ಪೌಂಡನ್ನು ಬರೆದವರೂ ಅನುವಾದಿಸಿದವರೂ ಸಮನಾಗಿ ಹಂಚಿಕೊಳ್ಳಬೇಕೆಂಬುದು ಅಲ್ಲಿಯ ಕಟ್ಟಳೆ. ಬಾನು ಅವರ ಜೊತೆಗೆ ದೀಪಾ ಭಾಸ್ತಿ ಅವರ ಹೆಸರೂ ಬಂತು. ಆ ವಾರವೆಲ್ಲ ಫೋನಿನಲ್ಲಿ ಬಾನು ಅವರ ಜೊತೆ ನಿಂತ ಫೋಟೋಗಳೇ ಫೋಟೋಗಳು. ಬಹುಮಾನ ಬಂದ ಮೇಲೆ ಜೊತೆ ನಿಲ್ಲುವುದು ಸುಲಭ. ಆ ಮೂವತ್ತಮೂರು ವರ್ಷಗಳಲ್ಲಿ ಒಂದು ಕತೆ ಓದಿ ಒಂದು ಕಾರ್ಡು ಹಾಕಿದವರು ಯಾರು ಎಂದು ಎದೆ ಮುಟ್ಟಿ ಕೇಳಿಕೊಂಡೆವು. ನಾವು ಹಾಕಿರಲಿಲ್ಲ.

ಹಾಗೆಂದು ನಮ್ಮ ನಡುವೆ ಔದಾರ್ಯವೇ ಇಲ್ಲ ಎನ್ನುವುದಿಲ್ಲ. ೨೦೨೨ರಲ್ಲಿ ದೇವನೂರ ಮಹಾದೇವ ಆರೆಸ್ಸೆಸ್ ಕುರಿತು ಒಂದು ಕಿರುಪುಸ್ತಕ ಬರೆದು, ಒಬ್ಬ ಪ್ರಕಾಶಕನ ಕೈಯಲ್ಲಿ ಇಡದೆ, ಹಲವರಿಗೆ ಅಚ್ಚು ಹಾಕಲು ಬಿಟ್ಟುಕೊಟ್ಟರು. ಸಣ್ಣ ಸಣ್ಣ ಪ್ರಕಾಶನಗಳವರು, ಸಂಘಟನೆಯವರು ತಾವೇ ಅಚ್ಚು ಹಾಕಿ ಹಂಚಿದರು. ಲೇಖಕ ಕೈ ಬಿಟ್ಟಷ್ಟೂ ಪುಸ್ತಕ ಬೆಳೆಯಿತು. ಹೆಸರಾದವರು ಹೀಗೆ ಬಿಟ್ಟುಕೊಡಬಹುದು, ಇನ್ನೂ ಹೆಸರಿಲ್ಲದ ನಾವು ಏನನ್ನು ಬಿಟ್ಟುಕೊಡೋಣ ಎಂದು ನೀವು ಕೇಳಬಹುದು. ಅಕ್ಕನಿಗೆ ಯಾವ ಹೆಸರಿತ್ತು? ಚೀಟಿ ಹಣ ಕೊಟ್ಟಳಲ್ಲ. ಕೊಡುವುದಕ್ಕೆ ಹೆಸರು ಬೇಕಾಗಿಲ್ಲ.

ಬರೆಯುತ್ತಿರುವ ಗೆಳೆಯರಿಗೆ, ಮುಖ್ಯವಾಗಿ ಹಳ್ಳಿಯ ಶಾಲೆಗಳಲ್ಲಿರುವ ಮೇಷ್ಟ್ರುಗಳಿಗೆ, ಟೀಚರಮ್ಮಂದಿರಿಗೆ ನಾವು ಹೇಳುವುದು ಇಷ್ಟೆ. ನಿಮ್ಮ ಪುಸ್ತಕದ ಸುದ್ದಿಯನ್ನು ನೀವೇ ಸಾರಿ, ನಾಚಬೇಡಿ, ಸ್ವಂತ ಹೆಸರಲ್ಲಿ ಸಾರಿ. ಆದರೆ ನಿಮ್ಮ ಚೀಲದಲ್ಲಿ ನಿಮ್ಮ ಪುಸ್ತಕದ ಜೊತೆ ಇನ್ನಿಬ್ಬರ ಪುಸ್ತಕವೂ ಇರಲಿ. ದುಡ್ಡು ಕೊಟ್ಟವರ, ಅಕ್ಷರ ಜೋಡಿಸಿದವರ ಹೆಸರನ್ನು ಮುನ್ನುಡಿಕಾರರ ಹೆಸರಿಗಿಂತ ಮೊದಲು ಹಾಕಿ. ಯಾರಾದರೂ ನೋಟ್ ಬುಕ್ಕು ಕೈಗಿಟ್ಟರೆ ಒಂದು ತಿಂಗಳೊಳಗೆ ಓದಿ ಎರಡು ಸಾಲು ಬರೆಯಿರಿ. ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದು, ಯಾಕೆ ಎಂದು ಬರೆಯಿರಿ. ಅದನ್ನು ಅವರು ತಡೆದುಕೊಳ್ಳುತ್ತಾರೆ. ಏನೂ ಹೇಳದಿದ್ದರೆ ಚೆನ್ನಾಗಿಲ್ಲ ಎಂದು ತಾವೇ ತೀರ್ಮಾನ ಮಾಡಿಕೊಳ್ಳುತ್ತಾರೆ. ಸಾವಿರ ವರ್ಷದಿಂದ ಅವರಿಗೆ ಕಲಿಸಿರುವುದು ಅದನ್ನೇ. ಮೊದಲನೇ ಸಲ ಕೈ ಚಾಚಿದವರಿಗೆ, ಬರೆಯಿರಿ ಎಂದು ಭಾಷಣ ಮಾಡಿದ ನಾವೇ ಅದನ್ನು ಮತ್ತೊಮ್ಮೆ ಕಲಿಸಬಾರದು.

ಗೆದ್ದಲು ಬಿಟ್ಟ ಪ್ರತಿಗಳಲ್ಲಿ ಒಂದನ್ನು ಅಕ್ಕನಿಗೆ ಕೊಟ್ಟೆವು. ಅವಳಿಗೀಗ ಎಂಬತ್ತರ ಮೇಲೆ. ಒಳಗಿನ ಹಾಳೆಯಲ್ಲಿ ಅವಳ ಹೆಸರು, ಪ್ರೆಸ್ಸಿನವನ ಹೆಸರು ಪೆನ್ನಿನಲ್ಲಿ ಬರೆದಿದ್ದೆವು. ಚೀಟಿ ಹಣವನ್ನೂ ಇಟ್ಟೆವು. ಹಣ ಎಣಿಸಿ ಎಲೆ ಅಡಿಕೆ ಚೀಲಕ್ಕೆ ಹಾಕಿಕೊಂಡಳು. "ಬಡ್ಡಿ ಎಲ್ಲುದ್ಲಾ?" ಎಂದಳು.

ಅಂಗನವಾಡಿಯ ಆ ತಂಗಿಯಿಂದ ಇನ್ನೂ ಸುದ್ದಿಯಿಲ್ಲ. ಒಪ್ಪಿದರೆ ಅವಳ ಪದ್ಯಗಳು ಇಟ್ಟು ಇಟ್ಟಾಗಿಯೇ, ಅವ್ವ ಅವ್ವನಾಗಿಯೇ, ಅವಳ ಹೆಸರಿನಲ್ಲೇ ಇಲ್ಲಿ ಬರುತ್ತವೆ. ಒಪ್ಪದಿದ್ದರೆ ಅದೂ ಅವಳ ಹಕ್ಕು. ಮೂವತ್ತೆಂಟು ವರ್ಷ ಅವಳನ್ನು ಕಾಯಿಸಿದವರು ನಾವು. ಈಗ ನಮ್ಮ ಸರದಿ, ಕಾಯುತ್ತೇವೆ.